ಬೆಟ್ಟ ಹತ್ತುವ ಟ್ಯೂಷನ್

ಶಿವಗಂಗೆಯ ಒಳಕಲ್ಲು ತೀರ್ಥದ ಮುಂದೆ ಭಾನುವಾರ ಯಾವಾಗಲೂ ಉದ್ದನೆಯ ಸಾಲು. ಬಂಡೆಯ ಕುಳಿಯೊಳಗೆ ತೋಳು ಇಳಿಬಿಟ್ಟು ನೀರು ಕೈಗೆ ಸಿಗುತ್ತದೋ ಇಲ್ಲವೋ ನೋಡಬೇಕು. ಸಿಕ್ಕವರು ಪುಣ್ಯವಂತರೆಂದು ನಂಬಿಕೆ. ಬೆಂಗಳೂರಿನ ಸಂಜೆ ಟ್ಯೂಷನ್ ಕೇಂದ್ರವೊಂದರಿಂದ ಬಂದಿದ್ದ ಹುಡುಗಿಯೊಬ್ಬಳು ಹೆಗಲವರೆಗೂ ಕೈ ಇಳಿಸಿ ಹೊರತೆಗೆದಳು. ನಮಸ್ಕಾರ ಮಾಡಿ ಮುಂದೆ ಹೋಗುವ ಬದಲು, ತೋಳು ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ಬೆರಳು ಮಡಿಸಿ ಅಳೆದಳು. ಗೆಳತಿಯ ತೋಳನ್ನೂ ಅಳೆದಳು. ಗೆಳತಿಯದು ಉದ್ದನೆಯ ತೋಳು, ಒದ್ದೆಯಾದದ್ದೂ ಹೆಚ್ಚು. ಆದರೆ ಇಬ್ಬರದರಲ್ಲೂ ಒಣಗಿಯೇ ಉಳಿದ ಭಾಗ ಸಮ. "ಅಕ್ಕಾ, ನೀರು ಇಷ್ಟು ಕೆಳಗಿದೆ" ಎಂದು ತನ್ನ ಹೆಗಲಿನಿಂದ ಮೊಣಕೈಯಾಚೆಯವರೆಗಿನ ಒಣ ಭಾಗವನ್ನು ತೋರಿಸಿದಳು. ತೋಳಿನ ಉದ್ದದಲ್ಲಿ ಒದ್ದೆಯಾದದ್ದನ್ನು ಕಳೆದರೆ ಉಳಿಯುವುದೇ ಆಳ. ಕೈ ಪುಟ್ಟದಾಗಿದ್ದ ತಮ್ಮನಿಗೆ ನೀರು ಏಕೆ ಸಿಗಲಿಲ್ಲ ಎಂಬುದಕ್ಕೂ ಅವಳ ಬಳಿ ಈಗ ಉತ್ತರವಿತ್ತು. ಅವನ ಪುಣ್ಯದ ಬಗ್ಗೆ ಯಾರೂ ಮಾತಾಡಬೇಕಾಗಿರಲಿಲ್ಲ.

ಕಳೆಯುವ ಲೆಕ್ಕವೆಂದರೆ ಸಣ್ಣ ವಿಷಯವಲ್ಲ. ಪ್ರಥಮ್ ಸಂಸ್ಥೆಯ ಗ್ರಾಮೀಣ ಸಮೀಕ್ಷೆ 'ಅಸರ್' 2024ರಲ್ಲಿ ಕಂಡದ್ದು ಇದು: ದೇಶದ ಹಳ್ಳಿಗಳ ಮೂರನೇ ತರಗತಿಯ ಮಕ್ಕಳಲ್ಲಿ ಕನಿಷ್ಠ ಕಳೆಯುವ ಲೆಕ್ಕವಾದರೂ ಬರುವವರು ಶೇ. 33.7. ಐದನೇ ತರಗತಿಯವರಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ. 48.7. ನಗರದ ಮಕ್ಕಳು ಈ ಸಮೀಕ್ಷೆಯ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಸಂಜೆ ಹೊತ್ತು ಒಂದು ಕೋಣೆ, ಒಂದು ಕಪ್ಪುಹಲಗೆ ಇಟ್ಟುಕೊಂಡು ಕೂಲಿ ಕಾರ್ಮಿಕರ ಮಕ್ಕಳಿಗೆ ಪಾಠ ಹೇಳುವ ಯುವಕ ಯುವತಿಯರಿಗೆ ಈ ಅಂಕಿಗಳಲ್ಲಿ ಅಚ್ಚರಿಯೇನೂ ಕಾಣುವುದಿಲ್ಲ. ಏಳನೇ ತರಗತಿಯ ಪುಸ್ತಕ ಹಿಡಿದು ಬಂದ ಹುಡುಗನಿಗೆ ದಶಕ ಕಡ ತರುವುದನ್ನು ಮೊದಲಿನಿಂದ ಹೇಳಿಕೊಡುವುದು ಅವರ ನಿತ್ಯದ ಕೆಲಸ.

ಮುಂಬೈ ಮತ್ತು ವಡೋದರಾದಲ್ಲಿ ಪ್ರಥಮ್ ನಡೆಸಿದ 'ಬಾಲಸಖಿ' ಪ್ರಯೋಗವೂ ಇಂಥದ್ದೇ. ಅದೇ ಬಡಾವಣೆಯ ಯುವತಿಯರು, ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ತರಗತಿಯಿಂದ ಹೊರಗೆ ಕೂರಿಸಿಕೊಂಡು, ಅವರು ನಿಂತಲ್ಲಿಂದಲೇ ಕಲಿಸಿದರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತು ಸಂಗಡಿಗರು ಅದನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೆಸರಾಯಿತು. 2019ರ ಅರ್ಥಶಾಸ್ತ್ರದ ನೊಬೆಲ್ ಇವರಿಬ್ಬರಿಗೂ ಮೈಕೆಲ್ ಕ್ರೆಮರ್ ಅವರಿಗೂ ಬಂತು.

ಸಂಜೆ ಟ್ಯೂಷನ್ ಕೇಂದ್ರಗಳ ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವವರ ನಡುವೆ ಒಂದು ಹಳೆಯ ಜಗಳವಿದೆ: ಸಾಲಿನ ಮುಂದೆ ಯಾರು ನಡೆಯಬೇಕು?

ಹೆಚ್ಚಿನವರ ಪದ್ಧತಿ ಗೊತ್ತೇ ಇದೆ. ಗಟ್ಟಿ ಕಾಲಿನ ಸ್ವಯಂಸೇವಕನೊಬ್ಬ ಮುಂದೆ, ಇನ್ನೊಬ್ಬ ಕೊನೆಯಲ್ಲಿ, ನಡುವೆ ಮಕ್ಕಳು. ಅರ್ಧ ಗಂಟೆಯಲ್ಲಿ ಸಾಲು ಹರಿದು ಹೋಗುತ್ತದೆ. ಮುಂದಿನವರು ಮಂಟಪ ಸಿಕ್ಕಿದ ಕೂಡಲೇ ಕೂತು ನೀರು ಕುಡಿದು, ಕಡಲೆಕಾಯಿ ತಿಂದು, ಫೋಟೊ ತೆಗೆಸಿಕೊಂಡು ದಣಿವಾರಿಸಿಕೊಳ್ಳುತ್ತಾರೆ. ಕೊನೆಯ ಮಗು ಏದುಸಿರು ಬಿಡುತ್ತಾ ಬಂದು ತಲುಪಿದೊಡನೆ "ಎಲ್ಲರೂ ಬಂದ್ರಾ? ಹೊರಡೋಣ" ಎಂದು ಎದ್ದು ನಿಲ್ಲುತ್ತಾರೆ. ವಿಶ್ರಾಂತಿ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವರಿಗೆ ಒಂದು ನಿಮಿಷವೂ ಸಿಗುವುದಿಲ್ಲ. ಬೆಟ್ಟವಿಡೀ ಇದೇ ನಡೆಯುತ್ತದೆ. ಆ ಮಗು ತುದಿಯಿಂದ ಏನು ನೋಡಿತು ಎಂದು ಕೇಳಿದರೆ, ತನ್ನ ಮುಂದಿನವರ ಬೆನ್ನು ಎಂದೇ ಹೇಳಬೇಕಾದೀತು.

ಇದಕ್ಕಿರುವ ಉಪಾಯ ಸುಲಭದ್ದು. ಎಲ್ಲರಿಗಿಂತ ನಿಧಾನವಾಗಿ ನಡೆಯುವ ಮಗುವನ್ನು ಮುಂದೆ ಬಿಡಬೇಕು. ಯಾರು ನಿಧಾನ ಎಂಬುದು ಬಸ್ ನಿಲ್ದಾಣದಿಂದ ಬೆಟ್ಟದ ಬುಡಕ್ಕೆ ನಡೆಯುವಾಗಲೇ ತಿಳಿಯುತ್ತದೆ. "ನೀನು ನಿಧಾನ, ಅದಕ್ಕೆ ಮುಂದೆ ಬಾ" ಎಂದು ಯಾರೂ ಹೇಳಬಾರದು. ಒಂದು ಕೆಲಸ ಕೊಟ್ಟು ಮುಂದೆ ಕಳಿಸಬೇಕು: ಪ್ರತಿ ಐವತ್ತು ಮೆಟ್ಟಿಲಿಗೊಮ್ಮೆ ಕೂಗಿ ಹೇಳುವುದು, ಸೀಟಿ ಹಿಡಿದಿರುವುದು, ದಾರಿಯಲ್ಲಿ ಸಿಗುವ ಮಂಟಪಗಳನ್ನು ಪಟ್ಟಿ ಮಾಡುವುದು. ಮೊದಲ ಹತ್ತು ನಿಮಿಷದಲ್ಲಿ ಅದರ ನಡಿಗೆಯೇ ಎಲ್ಲರ ನಡಿಗೆಯಾಗುತ್ತದೆ. ಸಾಲಿನಲ್ಲಿ ಅಂತರ ಬೀಳುವುದಿಲ್ಲ. ಜೋರಾಗಿ ಹತ್ತುವ ದೊಡ್ಡ ಹುಡುಗರಿಗೆ ನೀರಿನ ಕ್ಯಾನು, ಔಷಧಿ ಚೀಲ ಹೊರಿಸಿ ಹಿಂದೆ ಹಾಕಿದರೆ ಅವರ ಹುಮ್ಮಸ್ಸಿಗೂ ಕೆಲಸ ಸಿಕ್ಕಿತು. ಶಿವಗಂಗೆಯ ಮೇಲ್ಭಾಗದಲ್ಲಿ ಬಂಡೆಯನ್ನೇ ಕಡಿದು ಮಾಡಿದ ಕಡಿದಾದ ಮೆಟ್ಟಿಲುಗಳಿವೆ, ಹಿಡಿಯಲು ಕಬ್ಬಿಣದ ಕಂಬಿಗಳಿವೆ. ಅಲ್ಲಿ ಮಾತ್ರ ದೊಡ್ಡವರೊಬ್ಬರು ಮುಂದೆ ಹೋಗಲೇಬೇಕು. ಅದು ದಾಟಿದ ಮೇಲೆ ಮತ್ತೆ ಮಗುವೇ ಮುಂದು.

ಇದನ್ನು ಒಪ್ಪದವರು ಹೇಳುವುದು ಒಂದೇ ಮಾತು: "ಹಾಗೆ ಮಾಡಿದರೆ ತಡವಾಗುತ್ತೆ." ತಡವಾಗುವುದಿಲ್ಲ. ಹರಿದ ಸಾಲನ್ನು ಕೂಡಿಸಿಕೊಳ್ಳಲು ಮಂಟಪ ಮಂಟಪದಲ್ಲೂ ಕಾಯುವ ಹೊತ್ತನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೇ. ಒಂದು ಪಕ್ಷ ಸ್ವಲ್ಪ ತಡವಾಯಿತೆಂದೇ ಇಟ್ಟುಕೊಳ್ಳೋಣ. ಯಾರಿಗೆ, ಯಾತಕ್ಕೆ ಅವಸರ? ತರಗತಿಯಲ್ಲಿ ಹಿಂದುಳಿದ ಮಗುವನ್ನು ಕಾಯುವುದೇ ತಮ್ಮ ಕೆಲಸವೆಂದು ಸಂಘ ಕಟ್ಟಿಕೊಂಡವರು ಬೆಟ್ಟದಲ್ಲಿ ಅದೇ ಮಗುವನ್ನು ಹಿಂದೆ ಬಿಟ್ಟು ಓಡುವುದನ್ನು ನೋಡಿದರೆ ಸಿಟ್ಟು ಬರುತ್ತದೆ. ಕೈಗಡಿಯಾರದಲ್ಲಿ ಹೆಜ್ಜೆ ಎಣಿಸಿಕೊಂಡು, ಎಷ್ಟು ನಿಮಿಷದಲ್ಲಿ ಹತ್ತಿದೆವು ಎಂದು ಗುಂಪಿಗೆಲ್ಲ ಸಾರುವವರು ಒಬ್ಬೊಬ್ಬರೇ ಬಂದು ಹತ್ತಿಕೊಳ್ಳಲಿ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.

ನಿಧಿ ಸಂಗ್ರಹದ ನಡಿಗೆಗಳಲ್ಲಿ ಬಹಳ ಹೆಸರಾದ 'ಟ್ರೈಲ್‌ವಾಕರ್'ನ ಕಥೆಯೂ ಇಲ್ಲಿ ನೆನಪಾಗುತ್ತದೆ. 1981ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗೂರ್ಖಾ ಸೈನಿಕರ ತಾಲೀಮಾಗಿ ಶುರುವಾದದ್ದು ಅದು. ಆಮೇಲೆ ಜನಸಾಮಾನ್ಯರಿಗೂ ತೆರೆದುಕೊಂಡಿತು, 2012ರಲ್ಲಿ ಬೆಂಗಳೂರಿಗೂ ಬಂತು. ನಾಲ್ವರ ತಂಡ 48 ಗಂಟೆಯೊಳಗೆ 100 ಕಿಲೋಮೀಟರ್ ನಡೆಯಬೇಕು, ಪ್ರಾಯೋಜಕರಿಂದ ಹಣ ಕೂಡಿಸಬೇಕು. ನಾಲ್ವರೂ ಜೊತೆಗೆ ಹೊರಟು ಜೊತೆಗೇ ಮುಟ್ಟಬೇಕೆಂಬುದು ಅದರ ಆಶಯ. ತಂಡದ ವೇಗವೆಂದರೆ ಅದರ ನಿಧಾನಿಯ ವೇಗ ಎಂಬುದನ್ನು ಸೈನಿಕರು ಕಲಿತಿದ್ದರು. ನಮ್ಮ ಭಾನುವಾರದ ನಾಯಕರು ಕಲಿಯಬಾರದೇ?

ಶಿವಗಂಗೆಯನ್ನೇ ಮತ್ತೆ ಮತ್ತೆ ಆರಿಸಿಕೊಳ್ಳಲು ಕಾರಣಗಳಿವೆ. ಬೆಂಗಳೂರಿನಿಂದ ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆಯವರೆಗೆ ಬಂದರೆ ಬೆಟ್ಟ ಹತ್ತಿರವೇ. ಮೆಟ್ಟಿಲಿದೆ, ದಾರಿ ತಪ್ಪುವ ಭಯವಿಲ್ಲ. ಕೋತಿಗಳ ಕಾಟವಿದೆ ನಿಜ. ಪ್ಲಾಸ್ಟಿಕ್ ಕವರು ಕಂಡರೆ ತಿಂಡಿಯೆಂದೇ ಹಾರಿ ಬರುತ್ತವೆ, ಆದ್ದರಿಂದ ಚಿತ್ರಾನ್ನದ ಡಬ್ಬಿಗಳೆಲ್ಲ ಬಟ್ಟೆ ಚೀಲದೊಳಗೆ. ಇನ್ನು ಆ ಬೆಟ್ಟದ ನಾಲ್ಕು ಮುಖ: ಪೂರ್ವದಿಂದ ನೋಡಿದರೆ ನಂದಿ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ನಾಗರ ಎನ್ನುತ್ತಾರೆ. ಒಂದೇ ದಿನದಲ್ಲಿ ನಾಲ್ಕೂ ದಿಕ್ಕು ಸುತ್ತುವುದು ಮಕ್ಕಳಿಗೆ ಕಷ್ಟ. ಸಿಕ್ಕ ದಿಕ್ಕಿನಿಂದ ಚಿತ್ರ ಬರೆದುಕೊಂಡು, ಕಾಣದ ದಿಕ್ಕಿನಿಂದ ಹೇಗೆ ಕಂಡೀತು ಎಂದು ಊಹಿಸಿ ಬರೆಯಬೇಕು. ಘನಾಕೃತಿಗಳ ಪಾಠವನ್ನು ಇದಕ್ಕಿಂತ ದೊಡ್ಡ ವಸ್ತು ಇಟ್ಟುಕೊಂಡು ಯಾರೂ ಮಾಡಲಾರರು.

ಮೇಲೆ ಶಾಂತಲೆಯ ಹೆಸರಿನ ಕಡಿದಾದ ಅಂಚು. ಹೊಯ್ಸಳ ರಾಣಿ ಶಿವಗಂಗೆಯಲ್ಲಿ ತೀರಿಕೊಂಡಳು ಎನ್ನುವುದಕ್ಕೆ ಶಾಸನದ ಆಧಾರವಿದೆ. ಅಲ್ಲಿಂದ ಹಾರಿದಳು ಎನ್ನುವುದು ಜನರ ಬಾಯಿಮಾತು. ಕೆ.ವಿ. ಅಯ್ಯರ್ ಅವರ 'ಶಾಂತಲಾ' ಕಾದಂಬರಿ ಓದಿದ ಹಿರಿಯ ಸ್ವಯಂಸೇವಕಿಯೊಬ್ಬರು ಕಥೆ ಹೇಳತೊಡಗಿದರೆ ಮಕ್ಕಳು ತುತ್ತು ಬಾಯಿಗಿಡುವುದನ್ನೂ ಮರೆಯುತ್ತಾರೆ. ಕಲ್ಲಿನಲ್ಲಿ ಬರೆದದ್ದು ಯಾವುದು, ಜನ ಸೇರಿಸಿದ್ದು ಯಾವುದು ಎಂದು ಬೇರ್ಪಡಿಸಲು ಮಕ್ಕಳನ್ನೇ ಕೇಳಬೇಕು. ಹತ್ತನೇ ತರಗತಿಯವರು ಚೆನ್ನಾಗಿ ಜಗಳವಾಡುತ್ತಾರೆ.

ಖರ್ಚಿಗೆ ಬರೋಣ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಂದಿನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹುಡುಗಿಯರಿಗೂ ಮಹಿಳಾ ಸ್ವಯಂಸೇವಕರಿಗೂ ಟಿಕೆಟ್ ಹಣವಿಲ್ಲ. ಇದರಿಂದ ಪ್ರವಾಸದ ಖರ್ಚು ಇಳಿದದ್ದಷ್ಟೇ ಅಲ್ಲ, "ದುಡ್ಡಿಲ್ಲ, ಹುಡುಗಿ ಬೇಡ" ಎನ್ನುತ್ತಿದ್ದ ಮನೆಗಳ ಒಂದು ನೆಪವೂ ಹೋಯಿತು. ಸರ್ಕಾರಿ ಶಾಲೆಯವರಿಗೆ ಶೂ ಸಿಗುತ್ತದೆ, ಆದರೆ ಆ ಕಪ್ಪು ಶೂಗಳು ನುಣುಪು ಬಂಡೆಯ ಮೇಲೆ ಜಾರುತ್ತವೆ. ದಾನಿಗಳು ಏನು ಕೊಡಲಿ ಎಂದು ಕೇಳಿದರೆ ಮೊದಲು ಹೇಳಬೇಕಾದದ್ದು ಹಿಡಿತವಿರುವ ಕ್ಯಾನ್ವಾಸ್ ಶೂಗಳನ್ನೇ. ಟೋಪಿ, ಟೀ-ಶರ್ಟು ಆಮೇಲೆ.

ಟೀ-ಶರ್ಟಿನ ಮಾತು ಬಂದ ಮೇಲೆ ಆ ರಟ್ಟಿನ ಚೆಕ್ಕಿನ ಮಾತನ್ನೂ ಆಡಲೇಬೇಕು. ಬೆಟ್ಟದ ತುದಿಗೆ ಆಳೆತ್ತರದ ರಟ್ಟಿನ ಚೆಕ್ ಹೊತ್ತು ತಂದು, ಕಂಪನಿಯ ಹೆಸರಿರುವ ಬನಿಯನ್ ತೊಡಿಸಿದ ಮಕ್ಕಳನ್ನು ಅದರ ಎರಡೂ ಬದಿ ನಿಲ್ಲಿಸಿ ಫೋಟೊ ತೆಗೆಯುವವರಿದ್ದಾರೆ. ಅದೂ ಸಾಲದೆಂದು, ಮಗುವಿನ ಕೈಗೆ ಮೈಕು ಕೊಟ್ಟು "ನಿಮ್ಮ ಮನೆ ಕಷ್ಟ ಹೇಳಮ್ಮ" ಎನ್ನುತ್ತಾರೆ. ಅಪ್ಪನ ಕುಡಿತ, ಅಮ್ಮ ಪಾತ್ರೆ ತೊಳೆಯುವ ಮನೆ, ಬಾಡಿಗೆ ಬಾಕಿ, ಎಲ್ಲವನ್ನೂ ಆ ಹುಡುಗಿ ಅಪರಿಚಿತರ ಮುಂದೆ, ತನ್ನದೇ ಸಹಪಾಠಿಗಳ ಮುಂದೆ ಹೇಳಬೇಕು. ಸೋಮವಾರ ಅವಳು ಅದೇ ಸಹಪಾಠಿಗಳ ಪಕ್ಕದಲ್ಲಿ ಕೂರಬೇಕಲ್ಲವೇ? ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ ಗುರುತನ್ನು ಮಾಧ್ಯಮಗಳಲ್ಲಿ ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸಿದೆ. ಟ್ಯೂಷನ್ನಿಗೆ ಬರುವ ಎಲ್ಲ ಮಕ್ಕಳೂ ಆ ಕಲಮಿನೊಳಗೆ ಬರಲಿಕ್ಕಿಲ್ಲ. ಆದರೆ ಮರ್ಯಾದೆ ಉಳಿಸಲು ಕಾನೂನೇ ಬಂದು ಹೇಳಬೇಕೇ?

ಹಣ ಕೇಳುವುದರಲ್ಲಿ ನಾಚಿಕೆಯಿಲ್ಲ. ಈ ನಾಡು ವಾರಾನ್ನ ಉಣ್ಣಿಸಿ ಹುಡುಗರನ್ನು ಓದಿಸಿದ ನಾಡು. ದಾಬಸ್‌ಪೇಟೆಯಿಂದ ಅದೇ ರಸ್ತೆಯಲ್ಲಿ ಮುಂದುವರಿದರೆ ತುಮಕೂರಿನ ಸಿದ್ಧಗಂಗೆ. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಹಳ್ಳಿಗಳ ರಾಗಿ, ಅಕ್ಕಿ, ತೆಂಗಿನಕಾಯಿ ಅಲ್ಲಿ ಸಾವಿರಾರು ಮಕ್ಕಳ ಊಟವಾದವು. ಗಾಂಧೀಜಿ ಹರಿಜನ ನಿಧಿಗೆಂದು ತಮ್ಮ ಸಹಿಗೇ 5 ರೂಪಾಯಿ ಕೇಳುತ್ತಿದ್ದರು. ಅವರು ಮಾರಿದ್ದು ತಮ್ಮ ಸಹಿಯನ್ನು, ಬಡವರ ಕಣ್ಣೀರನ್ನಲ್ಲ. ಮಕ್ಕಳು ಬರೆದ ನಾಲ್ಕು ಮುಖದ ಶಿವಗಂಗೆಯನ್ನು ಶುಭಾಶಯ ಪತ್ರವಾಗಿ ಅಚ್ಚು ಮಾಡಿಸಿ ಮಾರಬಹುದು. ಬರೆದ ಮಗು ಒಪ್ಪಿದರೆ ಮಾತ್ರ, ಹೆಸರು ಹಾಕಬೇಕೋ ಬೇಡವೋ ಎಂಬುದೂ ಮಗುವಿನದೇ ನಿರ್ಧಾರ. ಕೊಂಡವರ ಮೇಜಿನ ಮೇಲೆ ಒಳ್ಳೆಯ ಚಿತ್ರ ಉಳಿಯುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಹಣ ಬರುವ ರೀತಿ. ಕೋಣೆಯ ಬಾಡಿಗೆ, ಕರೆಂಟು ಬಿಲ್ಲು, ಪಾಠ ಹೇಳುವ ಪದವಿ ವಿದ್ಯಾರ್ಥಿನಿಯ ಗೌರವಧನ, ಇವೆಲ್ಲ ತಿಂಗಳು ತಿಂಗಳು ಬೇಕು. ವರ್ಷಕ್ಕೊಂದು ದೊಡ್ಡ ಓಟ, ಒಂದು ದೊಡ್ಡ ಚೆಕ್ಕು, ಆಮೇಲೆ ಸದ್ದಿಲ್ಲ ಎಂದರೆ ಕೇಂದ್ರ ಅರ್ಧಕ್ಕೇ ಬಾಗಿಲು ಹಾಕುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ವೆಬ್‌ಕಾಸ್ಟಿಂಗ್ ಕಣ್ಗಾವಲಿನಲ್ಲಿ ನಡೆಸಿದ 2024ರಲ್ಲಿ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು. ಆಗ ನಪಾಸಾದ ಮಕ್ಕಳಿಗೆ ಬೇಕಾಗಿದ್ದದ್ದು ವರ್ಷವಿಡೀ ಬಿಡದೆ ಪಾಠ.

ಹೀಗೆ ಬಿಡದೆ ಹಣ ಕೂಡಿಸುವುದಕ್ಕೆ ಉಡುಪಿಯವರು ದಾರಿ ತೋರಿಸಿ ಶತಮಾನವೇ ಆಗುತ್ತ ಬಂತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಾಗ ದಿನಕ್ಕೆ ಎರಡಾಣೆಯಿಂದ ಶುರು. ಏಜೆಂಟ್ ಮನೆಬಾಗಿಲಿಗೇ ಬಂದು ಪಡೆದುಕೊಂಡು ಹೋಗುತ್ತಿದ್ದ. ದಿನಕ್ಕೆ 10 ರೂಪಾಯಿಯೆಂದರೆ ವರ್ಷಕ್ಕೆ 3,650. ಬೆಟ್ಟಕ್ಕೆ ಜೊತೆಗೆ ಬಂದ ನಲವತ್ತು ಮಂದಿ ದೊಡ್ಡವರು ಹೀಗೆ ಕೊಟ್ಟರೆ 1,46,000. ಯಾರೂ ಚೆಕ್ಕನ್ನು ರಟ್ಟಿಗೆ ಅಂಟಿಸಬೇಕಿಲ್ಲ. ಜೊತೆಗೆ ಹತ್ತಿದವರೇ ಕೊಡಬೇಕೆನ್ನುವುದಕ್ಕೂ ಅರ್ಥವಿದೆ: ಸೀಟಿ ಊದುತ್ತ ಮುಂದೆ ನಡೆದ ಹುಡುಗನ ಹೆಸರು ಅವರಿಗೆ ಗೊತ್ತು, ಅವನಿಗೆ ಭಾಗಾಕಾರ ಬಂತೇ ಎಂದು ವಿಚಾರಿಸುತ್ತಾರೆ. ತೆರಿಗೆ ವಿನಾಯಿತಿಯ ಮಾತು ತೆಗೆಯುವವರಿಗೆ 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ವಿನಾಯಿತಿ ಇಲ್ಲವೆಂದು ಮೊದಲೇ ತಿಳಿಸಿ, ಹತ್ತು ರೂಪಾಯಿಗೂ ರಸೀದಿ ಹರಿದು ಕೊಡಬೇಕು.

ಲೆಕ್ಕ ಬರೆಯುವ ಕೆಲಸ ಮಕ್ಕಳದೇ ಆಗಲಿ. ವಾಪಸ್ ಬಸ್ಸಿನಲ್ಲಿ ನೋಟ್‌ಬುಕ್ ತೆರೆದು ಕೂತ ಗುಂಪೊಂದರಲ್ಲಿ ಶೂನ್ಯ ದರದ ಟಿಕೆಟನ್ನು ಬರೆಯಬೇಕೋ ಬೇಡವೋ ಎಂದು ವಾದವೆದ್ದಿತು. ಸೊನ್ನೆಯನ್ನು ಕೂಡಿದರೂ ಬಿಟ್ಟರೂ ಮೊತ್ತ ಅಷ್ಟೇ ಎಂದು ಹುಡುಗರು. ಬಸ್ಸಿಗೆ ಡೀಸೆಲ್ ಯಾರೋ ಹಾಕಿಸಿದ್ದಾರಲ್ಲ, ಬರೆಯಲೇಬೇಕು ಎಂದು ಹುಡುಗಿಯರು. ಕೊನೆಗೆ 'ಕೊಟ್ಟವರು' ಎಂದು ಹೊಸದೊಂದು ಕಾಲಂ ಎಳೆದು ಅದರ ಕೆಳಗೆ 'ಸರ್ಕಾರ' ಎಂದು ಬರೆದರು. ಕೋತಿ ಎತ್ತಿಕೊಂಡು ಹೋದ ಬಾಳೆಹಣ್ಣಿನ ಚಿಪ್ಪನ್ನು ಯಾವ ಕಾಲಮ್ಮಿಗೆ ಸೇರಿಸುವುದು ಎಂಬ ಮುಂದಿನ ವಾದ ನೆಲಮಂಗಲ ದಾಟಿದರೂ ನಡೆದೇ ಇತ್ತು.