ಎರಡು ಮೈಕೋ ಲೇಔಟ್

ಅರೆಕೆರೆಯವರು ವಿಳಾಸ ಹೇಳುವಾಗ "ಮೈಕೋ ಲೇಔಟ್" ಎಂದು ನಿಲ್ಲಿಸುವಂತಿಲ್ಲ. ಬನ್ನೇರುಘಟ್ಟ ರಸ್ತೆಯಿಂದ ಒಳಗೆ ಬಂದರೆ ನಮ್ಮದು. ಬಿಟಿಎಂ ಎರಡನೇ ಹಂತದಲ್ಲಿ ಇನ್ನೊಂದು. ಮೈಕೋ ಕಾರ್ಖಾನೆ ಬಾಷ್ ಎಂದು ಹೆಸರು ಬದಲಿಸಿಕೊಂಡು ಎಷ್ಟೋ ವರ್ಷವಾದರೂ ಬಡಾವಣೆಗಳು ಮೈಕೋವನ್ನು ಬಿಟ್ಟಿಲ್ಲ. ಸಾಲದ್ದಕ್ಕೆ ಎರಡಕ್ಕೂ ಪಿನ್ ಕೋಡ್ 560076. ಪಾರ್ಸೆಲ್ ತಂದ ಹುಡುಗ ಫೋನ್ ಮಾಡಿ "ಸಾರ್, ಮನೆ ಮುಂದೇನೇ ಇದೀನಿ" ಅನ್ನುತ್ತಾನೆ. ಗೇಟಿನ ಹೊರಗೆ ಯಾರೂ ಇಲ್ಲ. "ಪಕ್ಕದಲ್ಲಿ ಏನಿದೆಯಪ್ಪಾ?" ಎಂದರೆ "ಪೊಲೀಸ್ ಸ್ಟೇಷನ್ ಸಾರ್." ಅದು ಬಿಟಿಎಂ! ಅರೆಕೆರೆ ಗೇಟ್‌ಗೆ ಬಾ ಎಂದು ಹೇಳಿ ಬಿಸಿಲಲ್ಲಿ ಅಷ್ಟು ದೂರ ಓಡಿಸಬೇಕು. ಅವನದೇನೂ ತಪ್ಪಿಲ್ಲ; ಚೀಟಿಯಲ್ಲಿ ಬರೆದ ಹೆಸರಿಗೇ ಅವನು ಹೋಗಿ ನಿಂತಿದ್ದಾನೆ.

ಒಂದೇ ಹೆಸರಿನ ಊರುಗಳಿಂದಾಗುವ ಫಜೀತಿ ತಪ್ಪಿಸಲೆಂದು 1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂತು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಅಂಚೆ ಅಧಿಕಾರಿಯಷ್ಟೇ ಅಲ್ಲ, ಸಂಸ್ಕೃತ ಕವಿಯೂ ಹೌದು. ದೇಶದ ಅಂಚೆಯನ್ನೆಲ್ಲ ಆರು ಅಂಕಿಗಳಲ್ಲಿ ಹಿಡಿದಿಟ್ಟ ಕೆಲಸ ನನಗೆ ಅವರ ಕಾವ್ಯದಷ್ಟೇ ದೊಡ್ಡದು.

ಇಂಟರ್‌ನೆಟ್ಟಿನ ಹೆಸರುಗಳಿಗೂ ಹಾಗೊಂದು ಪಟ್ಟಿ ಇದೆ. ನಾವು ಒಂದು ವಿಳಾಸ ಒತ್ತಿದಾಗ ಅದರ ಕೊನೆಯ ತುಂಡು, ಅಂದರೆ ಡಾಟ್ ಕಾಮ್ ಅಥವಾ ಡಾಟ್ ಇನ್, ಯಾರ ಸುಪರ್ದಿಯಲ್ಲಿದೆ ಎಂದು ಹೇಳುವ ಪಟ್ಟಿ ಅದು. ರೂಟ್ ಎನ್ನುತ್ತಾರೆ. ಎ ಯಿಂದ ಎಂ ವರೆಗೆ 13 ಹೆಸರಿನ ಸರ್ವರ್‌ಗಳು, 12 ಸಂಸ್ಥೆಗಳು, ಆದರೆ ಎಲ್ಲ ಕಡೆಯೂ ಪಟ್ಟಿ ಒಂದೇ. ಈ ಒಂದೇ ಎಂಬುದು ಎಷ್ಟೋ ಜನರಿಗೆ ಸಹಿಸಲಾಗದ ಮಾತು. ಇಡೀ ಜಗತ್ತಿನ ಹೆಸರುಗಳ ಕೀಲಿಕೈ ಐಕ್ಯಾನ್ ಎಂಬ ಅಮೆರಿಕದ ಒಂದು ಸಂಸ್ಥೆಯ ಹತ್ತಿರ ಯಾಕಿರಬೇಕು? ಕೇಳಬೇಕಾದ ಪ್ರಶ್ನೆಯೇ. 2016ರವರೆಗೆ ಅದರ ಮೇಲೆ ಅಲ್ಲಿನ ಸರ್ಕಾರದ ಉಸ್ತುವಾರಿಯೂ ಇತ್ತು. ಹಾಗಾಗಿ "ನಮ್ಮದೇ ರೂಟ್ ನಡೆಸುತ್ತೇವೆ" ಎಂದು ಹೊರಟವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅವರು ಕಟ್ಟಿದ್ದನ್ನು ಮಾತ್ರ ನಂಬಲಾರೆ.

1997ರ ಜುಲೈಯಲ್ಲಿ ಆಲ್ಟರ್‌ನಿಕ್ ಎಂಬ ಪರ್ಯಾಯ ರೂಟ್‌ನ ಯುಜೀನ್ ಕಾಶ್‌ಪುರೆಫ್, ಹೆಸರು ನೋಂದಣಿಯ ಏಕಸ್ವಾಮ್ಯವನ್ನು ವಿರೋಧಿಸಲು, ಆ ನೋಂದಣಿ ನಡೆಯುತ್ತಿದ್ದ ಇಂಟರ್‌ನಿಕ್ ತಾಣಕ್ಕೆ ಹೊರಟವರನ್ನು ತನ್ನ ತಾಣಕ್ಕೆ ತಿರುಗಿಸಿಬಿಟ್ಟ. ಏಕಸ್ವಾಮ್ಯದ ವಿರುದ್ಧ ಆತ ಹೇಳುತ್ತಿದ್ದುದರಲ್ಲಿ ಹುರುಳಿತ್ತು. ಆದರೆ ತಾನು ಒತ್ತಿದ ಹೆಸರಿಗೇ ತಾನು ಹೋಗುತ್ತಿದ್ದೇನೆ ಎಂದು ನಂಬಿದ್ದ ಅಪರಿಚಿತನನ್ನು ಆ ಹೋರಾಟಕ್ಕೆ ಆಯುಧ ಮಾಡಿಕೊಂಡ. ಇದನ್ನು ನಾನು ಒಪ್ಪಲಾರೆ. ಆಮೇಲೆ ಡಾಟ್ ಬಿಜ್ ಬಂತು. ಪೆಸಿಫಿಕ್ ರೂಟ್ ಎಂಬ ಗುಂಪು ಅದನ್ನು ಆಗಲೇ ನಡೆಸುತ್ತಿತ್ತು. 2000ದ ನವೆಂಬರ್‌ನಲ್ಲಿ ಐಕ್ಯಾನ್ ಅದೇ ಹೆಸರನ್ನು ಅಧಿಕೃತ ಪಟ್ಟಿಗೆ ಆರಿಸಿತು. ಒಂದೇ ವಿಳಾಸ, ಎರಡು ಬೇರೆ ಮನೆ. ಯಾವ ಮನೆ ಸಿಗುತ್ತದೆ ಎಂಬುದು ನಿಮ್ಮ ಕಂಪ್ಯೂಟರ್ ಯಾರನ್ನು ಕೇಳುತ್ತದೆ ಎಂಬುದರ ಮೇಲೆ. ಅಷ್ಟೇ ಅಲ್ಲ, ಪರ್ಯಾಯದವರು ಪರ್ಯಾಯದವರಿಗೇ ಡಿಕ್ಕಿ ಹೊಡೆದಿದ್ದಾರೆ. ಬ್ಲಾಕ್‌ಚೈನ್ ಹೆಸರು ಮಾರುವ ಅನ್‌ಸ್ಟಾಪಬಲ್ ಡೊಮೇನ್ಸ್, ಡಾಟ್ ಕಾಯಿನ್ ಎಂಬುದು ಎಮರ್‌ಕಾಯಿನ್‌ನಲ್ಲಿ ಮೊದಲೇ ಇದೆಯೆಂದು 2022ರಲ್ಲಿ ಅದನ್ನು ಕೈಬಿಟ್ಟಿತು. ಸ್ವಯಂಸೇವಕರು ನಡೆಸುವ ಪರ್ಯಾಯ ರೂಟ್ ಓಪನ್‌ನಿಕ್ 2019ರಲ್ಲಿ ಡಾಟ್ ಬಿಟ್ ಅನ್ನು ಕಿತ್ತುಹಾಕಿತು. ದುಷ್ಟ ತಂತ್ರಾಂಶಗಳು ಅದರಲ್ಲಿ ಅಡಗಿಕೊಂಡಿದ್ದವು. ಕಿತ್ತದ್ದು ಸರಿಯೇ. ಆ ದಾರಿಯಲ್ಲಿ ಬರುತ್ತಿದ್ದ ಸಜ್ಜನರಿಗೂ ಬಾಗಿಲು ಮುಚ್ಚಿತು, ಅಷ್ಟೇ.

ಇದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು. ಇಂಥ ಹೆಸರೊಂದನ್ನು ನೋಡಬೇಕಾದರೆ ಸಾಮಾನ್ಯವಾಗಿ ಫೋನಿನ ಸೆಟ್ಟಿಂಗ್ ಬದಲಿಸಿ ಅವರ ಸರ್ವರನ್ನು ಕೇಳುವಂತೆ ಮಾಡಬೇಕು. ಆಗ ಆ ಒಂದು ಹೆಸರು ಮಾತ್ರವಲ್ಲ, ಬ್ಯಾಂಕು, ಆಸ್ಪತ್ರೆ, ಮಗಳ ಕಾಲೇಜು, ಎಲ್ಲಕ್ಕೂ ದಾರಿ ತೋರಿಸುವವರು ಅವರೇ. ಅವರು ಯಾರು? ಒಂದು ದಿನ ಸರ್ವರ್ ನಿಂತರೆ ಯಾರ ಬಾಗಿಲು ತಟ್ಟುವುದು? ಬ್ರೌಸರ್‌ಗಳು ಒಪ್ಪುವ ಸರ್ಟಿಫಿಕೇಟನ್ನೂ ಆ ಹೆಸರುಗಳಿಗೆ ಯಾರೂ ಕೊಡುವುದಿಲ್ಲ. ಕಾಸು ಕೊಟ್ಟು ಅಂಥ ಹೆಸರು ಕೊಂಡವರಿಗೆ ಮಾರುವಾಗ ಇದನ್ನೆಲ್ಲ ಬಿಡಿಸಿ ಹೇಳಬೇಕಿತ್ತು.

ಕನ್ನಡದವರಿಗೂ ಸ್ವಂತ ರೂಟ್‌ನ ಸೆಳೆತ ಇರಬಹುದಿತ್ತು. ಡಾಟ್ ಭಾರತ ಎಂಬ ಹೆಸರಿಗೆ ನಮ್ಮ ಏಳು ಲಿಪಿಗಳಲ್ಲಿ 2011ರಲ್ಲಿ ಐಕ್ಯಾನ್ ಒಪ್ಪಿಗೆ ಕೊಟ್ಟಾಗ ಅವುಗಳಲ್ಲಿ ತೆಲುಗು, ತಮಿಳು ಇದ್ದವು, ಕನ್ನಡ ಇರಲಿಲ್ಲ. ಆಗ ಯಾರಾದರೂ ನಾವೇ ಒಂದು ಕನ್ನಡ ರೂಟ್ ಹೂಡೋಣ ಎಂದಿದ್ದರೆ ಚಪ್ಪಾಳೆ ಬೀಳುತ್ತಿತ್ತು. ನಾವಷ್ಟೇ ನೋಡಬಲ್ಲ ಕನ್ನಡ ವಿಳಾಸಗಳು ಹುಟ್ಟುತ್ತಿದ್ದವು. ಕಾಸರಗೋಡಿನ ಅಜ್ಜಿಗೂ ಡಲ್ಲಾಸ್‌ನ ಮೊಮ್ಮಗನಿಗೂ ಸೆಟ್ಟಿಂಗ್ ಹೇಳಿಕೊಡುವ ಕೆಲಸ ಉಳಿಯುತ್ತಿತ್ತು. ನಮ್ಮ ಸರದಿ ತಡವಾಗಿಯಾದರೂ ಬಂತು. ಡಾಟ್ ಭಾರತ ಇವತ್ತು ಕನ್ನಡ ಲಿಪಿಯಲ್ಲೇ ಆ ಒಂದೇ ಪಟ್ಟಿಯಲ್ಲಿದೆ. ನೋಡಿಕೊಳ್ಳುವುದು ಡಾಟ್ ಇನ್ ನಡೆಸುವ ನಿಕ್ಸಿ. ಯಾವ ದೇಶದ ಯಾವ ಫೋನಿಗೂ ಗುಟ್ಟಿನ ಸೆಟ್ಟಿಂಗ್ ಬೇಡ.

ಬಳಸುವವರು ಮಾತ್ರ ಕಡಿಮೆ. ಕನ್ನಡದ ಇಮೇಲ್ ವಿಳಾಸ ತುಂಬಿದರೆ ಎಷ್ಟೋ ಅರ್ಜಿ ನಮೂನೆಗಳು ಇಂದಿಗೂ "ತಪ್ಪು" ಎಂದು ಕೆಂಪು ಗೆರೆ ಎಳೆಯುತ್ತವೆ. ಹೊಸ ರೂಟ್ ಕಟ್ಟುವ ಹುಮ್ಮಸ್ಸಿರುವ ಹುಡುಗರು ನಮ್ಮ ಬೆಂಗಳೂರಲ್ಲೇ ಬೇಕಾದಷ್ಟಿದ್ದಾರೆ, ಆ ನಮೂನೆಗಳನ್ನು ಬರೆಯುವ ಕಂಪನಿಗಳೂ ಇಲ್ಲೇ ಇವೆ. ಮೊದಲು ಆ ಕೆಂಪು ಗೆರೆ ಅಳಿಸಲಿ.