ವಿಳಾಸದ ಅಂಕಣ

ಮೊನ್ನೆ ಭಾನುವಾರ ಬೆಳಗಿನ ಕಾಫಿಯ ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಹೆಸರು ಬರೆಯುವುದಿಲ್ಲ, 1987ರ ಎಸ್ಸೆಸ್ಸೆಲ್ಸಿ ತಂಡದವರು ಹೇಗೂ ಊಹಿಸಿಬಿಡುತ್ತೀರಿ. ಇಪ್ಪತ್ತೈದು ವರ್ಷ ಅಮೆರಿಕದಲ್ಲಿದ್ದು, ಅಲ್ಲಿನ ಪೌರತ್ವವನ್ನೂ ಪಡೆದು, 2022ರಲ್ಲಿ ತಾಯಿಯನ್ನು ನೋಡಿಕೊಳ್ಳಲೆಂದು ಮೈಸೂರಿಗೆ ಮರಳಿದವನು. ವರ್ಷಕ್ಕೊಮ್ಮೆ ಎರಡು ತಿಂಗಳು ಅರಿಜೋನಾದಲ್ಲಿರುವ ಮಗಳ ಮನೆಗೆ ಹೋಗಿಬರುತ್ತಾನೆ.

"ಸರ್, ನಮಗೆ ಪೌರನೀತಿ ಕಲಿಸಿದವರು ನೀವು. ಇದನ್ನು ಸ್ವಲ್ಪ ಓದಿ ಹೇಳಿ" ಎಂದು ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟ. ಓದಿದೆ. ಅದು ಪಿಸ್ತೂಲಿನ ವಿಷಯ!

ನನಗೆ ಕೋವಿಯೆಂದರೆ ನೆನಪಾಗುವುದು ಕೊಡಗಿನ ಸಹೋದ್ಯೋಗಿಯೊಬ್ಬರ ಮನೆಯ ಕೈಲ್‌ಪೊಳ್ದ್ ಹಬ್ಬ. ಹೂವಿಟ್ಟು ಪೂಜೆ ಮಾಡಿದ ಕೋವಿ. ನಮ್ಮ ಪಾಲಿಗೆ ಆಯುಧವನ್ನು ಅಷ್ಟು ಹತ್ತಿರದಿಂದ ಕಂಡದ್ದು ಅದೊಂದೇ ಸಲ. ಇವನಾದರೋ, ಕ್ಲಾಸಿನಲ್ಲಿ ಡಸ್ಟರ್ ಎತ್ತಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ ಹುಡುಗ. ಪಿಸ್ತೂಲು ಏಕೆ ಕೊಂಡೆಯೆಂದು ಕೇಳಿದೆ. 2017ರ ಫೆಬ್ರವರಿಯಲ್ಲಿ ಕ್ಯಾನ್ಸಸ್‌ನ ಒಲೇತ್ ಎಂಬ ಊರಿನಲ್ಲಿ ಶ್ರೀನಿವಾಸ ಕುಚಿಭೋಟ್ಲ ಎಂಬ ಇಂಜಿನಿಯರರನ್ನು ಜನಾಂಗದ್ವೇಷದಿಂದ ಗುಂಡಿಟ್ಟು ಕೊಂದ ಸುದ್ದಿ ನಿಮಗೆ ನೆನಪಿರಬಹುದು. ಆ ವಾರವೆಲ್ಲ ಇವನಿಗೆ ನಿದ್ರೆ ಬರಲಿಲ್ಲವಂತೆ. ಮುಂದಿನ ತಿಂಗಳು ತರಬೇತಿ ಪಡೆದು, ಬೆರಳಚ್ಚು ಕೊಟ್ಟು, ಅಂಗಿಯ ಮರೆಯಲ್ಲಿ ಪಿಸ್ತೂಲಿಟ್ಟುಕೊಂಡು ಓಡಾಡುವ ಪರವಾನಗಿ ಮಾಡಿಸಿಕೊಂಡ. ಅರಿಜೋನಾದೊಳಗೆ 2010ರಿಂದ ಇಪ್ಪತ್ತೊಂದು ವರ್ಷ ತುಂಬಿದವರಿಗೆ ಈ ಕಾಗದವೇ ಬೇಡವಂತೆ. ಅದನ್ನು ಮನ್ನಿಸುವ ಬೇರೆ ರಾಜ್ಯಗಳಲ್ಲಿ ತಿರುಗುವಾಗ ಬೇಕಾಗುತ್ತದೆ. ಮೈಸೂರಿಗೆ ಹೊರಡುವಾಗ ಪಿಸ್ತೂಲನ್ನು ಮಾರಿದ. ಪರವಾನಗಿ ಮಾತ್ರ 2027ರವರೆಗೆ ಜೀವಂತವಾಗಿದೆ.

ಈಗ ಅವನ ಪ್ರಶ್ನೆ ಇಷ್ಟು: ಪರದೇಶದಲ್ಲಿ ನೆಲೆಸಿದ ಅಮೆರಿಕದ ಪ್ರಜೆಗೆ ಈ ಪರವಾನಗಿಯ ಅರ್ಹತೆ ಉಳಿಯುತ್ತದೆಯೇ?

ನಮ್ಮಲ್ಲಿ 1959ರ ಆಯುಧ ಕಾಯಿದೆ ಇಡೀ ದೇಶಕ್ಕೆ ಒಂದೇ. ಅಲ್ಲಿ ಹಾಗಲ್ಲ; ರಾಜ್ಯಕ್ಕೊಂದು ನ್ಯಾಯ. ಫ್ಲಾರಿಡಾದ ಕಾನೂನು, ಅರ್ಜಿದಾರನು ಪ್ರಜೆಯಾಗಿದ್ದರೆ ಸಾಲದು, ಅಮೆರಿಕದಲ್ಲಿ ವಾಸವಾಗಿಯೂ ಇರಬೇಕು ಎನ್ನುತ್ತದೆ. ಅರಿಜೋನಾದ ಕಾನೂನಿನಲ್ಲಿರುವುದು "ಈ ರಾಜ್ಯದ ನಿವಾಸಿ ಅಥವಾ ಅಮೆರಿಕದ ಪ್ರಜೆ" ಎಂಬ ಮಾತು. ಆ "ಅಥವಾ" ಎಂಬ ಒಂದು ಪದವನ್ನು ಹಿಡಿದುಕೊಂಡು ನಾನು ಬಹಳ ಹೊತ್ತು ಸಂತೋಷಪಟ್ಟೆ. ವ್ಯಾಕರಣ ಕಲಿಸಿದವರ ದೌರ್ಬಲ್ಯವಿದು, ಮನ್ನಿಸಿ. ಮೈಸೂರಿನಲ್ಲಿದ್ದರೂ ಇವನು ಪ್ರಜೆಯೇ. ಅಲ್ಲಿಗೆ ಪರವಾನಗಿಗೆ ವಾಸಸ್ಥಳದ ತೊಡಕಿಲ್ಲ.

ಆದರೆ ತೊಡಕು ಬೇರೆ ಕಡೆ ಕಾದಿತ್ತು. ಪರವಾನಗಿ ರಾಜ್ಯದ್ದಾದರೂ ಆಯುಧದ ಕೊಡುಕೊಳ್ಳುವಿಕೆಗೆ ಒಕ್ಕೂಟದ ಕಾನೂನೂ ಅನ್ವಯಿಸುತ್ತದೆ. 1994ರಲ್ಲಿ ಸೇರಿಸಿದ ಒಂದು ವಿಧಿಯಂತೆ, ಯಾವ ರಾಜ್ಯದಲ್ಲಿಯೂ ವಾಸವಿಲ್ಲದವನು, ಬೇಟೆ ಮುಂತಾದ ಕ್ರೀಡೆಯ ಉದ್ದೇಶಕ್ಕಲ್ಲದೆ, ಬಂದೂಕನ್ನು ಪಡೆಯುವಂತಿಲ್ಲ. ಆತ್ಮರಕ್ಷಣೆ ಕ್ರೀಡೆಯಲ್ಲವಷ್ಟೆ! ಕೆನಡಾದಲ್ಲಿ ನೆಲೆಸಿದ್ದ ಅಮೆರಿಕದ ಪ್ರಜೆಯೊಬ್ಬ ಇದರ ವಿರುದ್ಧ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯದವರೆಗೆ ಹೋಗಿದ್ದ. ದಾವೆ ಹೂಡಲು ಅವನಿಗೆ ಹಕ್ಕುಂಟೆಂದು 2011ರಲ್ಲಿ ಹೇಳಿದ ಆ ನ್ಯಾಯಾಲಯ, 2015ರಲ್ಲಿ ಸಂಗತಿಗಳು ಸ್ಪಷ್ಟವಾಗಿಲ್ಲವೆಂದು ಮೊಕದ್ದಮೆಯನ್ನು ವಿಚಾರಣೆಗಾಗಿ ಕೆಳಗಿನ ಕೋರ್ಟಿಗೆ ಹಿಂದಿರುಗಿಸಿತು. ಅಂತೂ ಹಲ್ಲಿದ್ದವನಿಗೆ ಕಡಲೆಯಿಲ್ಲ: ಮರೆಯಲ್ಲಿಟ್ಟುಕೊಳ್ಳುವ ಅಪ್ಪಣೆ ಜೇಬಿನಲ್ಲಿದೆ, ಇಟ್ಟುಕೊಳ್ಳಬೇಕಾದದ್ದನ್ನು ಕೊಳ್ಳುವಂತಿಲ್ಲ.

ಇಷ್ಟನ್ನೂ ಅವನು ನನಗಿಂತ ಮೊದಲೇ ತಿಳಿದುಕೊಂಡಿದ್ದ. ಅವನು ಬಂದದ್ದು ಅದರ ಮುಂದಿನ ಮಾತಿಗೆ. ಬಂದೂಕಿನ ಅಂಗಡಿಯಲ್ಲಿ 4473 ಎಂಬ ಸಂಖ್ಯೆಯ ನಮೂನೆಯನ್ನು ಭರ್ತಿ ಮಾಡಬೇಕು. ಅದರಲ್ಲಿ ವಾಸದ ವಿಳಾಸಕ್ಕೊಂದು ಅಂಕಣ. ಅಲ್ಲಿ ಮನೆ ಮಾಡಿಕೊಂಡಿರುವ ಉದ್ದೇಶದಿಂದ ಇರುವವನೇ ನಿವಾಸಿ ಎಂಬುದು ನಿಯಮದ ಅರ್ಥ, ನೆಂಟನಾಗಿ ಬಂದವನಲ್ಲ. ಸುಳ್ಳು ಬರೆದರೆ ಸೆರೆಮನೆ.

"ಮಗಳ ಮನೆಯ ವಿಳಾಸ ಬರೆದರೆ ಅದು ಸುಳ್ಳೇ ಸರ್? ಎರಡು ತಿಂಗಳು ಅಲ್ಲೇ ಇರುತ್ತೇನಲ್ಲ."

"ಸುಳ್ಳೇ ಕಣಪ್ಪ" ಎಂದೆ, ಹಳೆಯ ಗತ್ತಿನಲ್ಲಿ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಸ್ಟೆಲ್ ಅರ್ಜಿಯಲ್ಲಿ ನನ್ನ ವಿಳಾಸ ಬರೆದವರು ನೀವೇ ಅಲ್ಲವೇ ಸರ್?" ಎಂದ.

ನನ್ನ ಕೈಯ ಲೋಟ ಹಾಗೆಯೇ ನಿಂತಿತು. 1984ರ ಮಾತು. ತಂದೆಯಿಲ್ಲದ ಹುಡುಗ, ತಾಯಿ ಹಪ್ಪಳ ಒತ್ತಿ ಸಂಸಾರ ನಡೆಸುತ್ತಿದ್ದರು. ಊರಿನ ಉಚಿತ ವಿದ್ಯಾರ್ಥಿನಿಲಯದಲ್ಲಿ ಹಳ್ಳಿಯ ಮಕ್ಕಳಿಗೆ ಮಾತ್ರ ಪ್ರವೇಶ. ಊರಲ್ಲೇ ಮನೆಯಿದ್ದ ಇವನಿಗಿಲ್ಲ. ನಾನು ಇವನ ಸೋದರಮಾವನ ಹಳ್ಳಿಯ ಹೆಸರನ್ನು ನನ್ನ ಕೈಬರಹದಲ್ಲೇ ಬರೆದು, ಕೆಳಗೆ ಸಹಿಯನ್ನೂ ಹಾಕಿದ್ದೆ. ಮೂರು ವರ್ಷ ಹುಡುಗ ಎರಡು ಹೊತ್ತು ಉಂಡ. ಆ ವರ್ಷ ಜಾಗ ಸಿಗದೆ ಹಿಂದಿರುಗಿದ ಹಳ್ಳಿಯ ಹುಡುಗ ಯಾರಿದ್ದನೋ! ನಿಮಗೆಲ್ಲ ಸತ್ಯಹರಿಶ್ಚಂದ್ರನ ಪಾಠ ಮಾಡಿದವನು ಇದನ್ನು ಯಾರಿಗೂ ಹೇಳಿರಲಿಲ್ಲ, ಮನೆಯಾಕೆಗೆ ಕೂಡ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತದ್ದು ನನಗೆ ಕೇಳಿಸಿತು.

"ಅದು ಅನ್ನದ ವಿಷಯವಾಗಿತ್ತು" ಎಂದೆ.

"ಇದು ಭಯದ ವಿಷಯ ಸರ್" ಎಂದ.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅನ್ನ ದೊಡ್ಡದು, ಭಯ ಸಣ್ಣದು ಎಂದು ಹೇಳಲು ನಾನು ಪರದೇಶದ ಬೀದಿಯಲ್ಲಿ ಒಂಟಿಯಾಗಿ ನಡೆದವನಲ್ಲ. ಅಂದು ನಾನು ಬರೆದ ಸುಳ್ಳು ತಪ್ಪಲ್ಲವೆಂದು ಇಂದಿಗೂ ಸಾಧಿಸಲಾರೆ. ಮತ್ತೆ ಅಂಥ ಹುಡುಗ ಎದುರು ನಿಂತರೆ ಬರೆಯುವುದಿಲ್ಲವೆಂದೂ ಹೇಳಲಾರೆ. ಆದ್ದರಿಂದ ತೀರ್ಪು ಬಿಟ್ಟು, ತಾಯಿ ಏನೆನ್ನುತ್ತಾರೆಂದು ಕೇಳಿದೆ.

ಪಿಸ್ತೂಲಿನ ಸುದ್ದಿ ಆಕೆಗೆ ತಿಳಿಯದಂತೆ. ಆದರೆ ನಾಲ್ಕು ವರ್ಷವಾಗುತ್ತ ಬಂದರೂ ಪ್ರತಿದಿನ ಬೆಳಿಗ್ಗೆ ಎದ್ದೊಡನೆ, "ಯಾವತ್ತು ಹೊರಡ್ತೀಯೋ ಮಗಾ?" ಎಂದು ಕೇಳುತ್ತಾರಂತೆ. ಇಲ್ಲೇ ಇರುತ್ತೇನಮ್ಮ ಎಂದರೆ ನಂಬುವುದಿಲ್ಲವಂತೆ.

"ಅಲ್ಲಿ ಮನೆ ಮಾಡುವ ಉದ್ದೇಶವುಂಟು ಎಂದು ಬರೆದುಕೊಟ್ಟು ಬಂದು, ಮಾರನೆಯ ಬೆಳಿಗ್ಗೆ ಅವಳಿಗೆ ಏನು ಹೇಳಲಿ ಸರ್?" ಎಂದು ಅವನೇ ಕೇಳಿದ. ನನ್ನನ್ನು ಕೇಳಿದಂತೆ ಇರಲಿಲ್ಲ.

ಲ್ಯಾಪ್‌ಟಾಪನ್ನು ಮುಚ್ಚಿ ಚೀಲಕ್ಕೆ ಹಾಕಿದ. ನನ್ನಾಕೆ ಇನ್ನೊಂದು ಲೋಟ ಕಾಫಿ ತಂದುಕೊಟ್ಟಳು. ನನ್ನ ಕಡೆ ನೋಡಲಿಲ್ಲ. ಹೊರಡುವಾಗ ಗೇಟಿನ ಬಳಿ ನಿಂತು, ಮಳೆಗಾಲಕ್ಕೆ ಮುಂಚೆ ಅಮ್ಮನ ಮನೆಯ ಹೆಂಚು ಕೈಯಾಡಿಸಬೇಕು, ನಂಬಿಕಸ್ಥರು ಯಾರಾದರೂ ಗೊತ್ತೇ ಎಂದು ವಿಚಾರಿಸಿದ. ನಮ್ಮ ಮನೆಗೆ ಬರುವ ಮೇಸ್ತ್ರಿಯ ಫೋನ್ ನಂಬರನ್ನು ಬರೆದುಕೊಟ್ಟೆ.