ಗೂಡಿನ ಮೆತ್ತೆ

ಶಿಡ್ಲಘಟ್ಟದ ಪೇಟೆಯಲ್ಲಿ ನಿಂತು ‘ಗೂಡು’ ಎಂದರೆ ಕೇಳಿದವರ ನೆನಪಿಗೆ ಮೊದಲು ಬರುವುದು ಹಕ್ಕಿಯ ಗೂಡಲ್ಲ, ರೇಷ್ಮೆಯ ಗೂಡು. ಗೂಡಿನ ಧಾರಣೆ ಏರಿತೆ, ಇಳಿಯಿತೆ ಎಂಬುದೇ ಇಲ್ಲಿ ಬೆಳಗಿನ ಮಾತು. ಇಂಥ ಊರಿನಲ್ಲಿ ಕುಳಿತು ಹಕ್ಕಿಯ ಗೂಡಿನ ವಿಚಾರ ಬರೆಯಹೊರಟರೆ ವಾಚಕರು ನಕ್ಕಾರು. ಆದರೂ ಹುಳುವು ಕಟ್ಟುವ ಮನೆಗೂ ಹಕ್ಕಿಯು ಕಟ್ಟುವ ಮನೆಗೂ ನಮ್ಮ ಕನ್ನಡವು ಒಂದೇ ಹೆಸರನ್ನಿಟ್ಟಿರುವುದು ನಮಗೆ ಬಹಳ ಒಪ್ಪಾಗಿ ಕಂಡಿದೆ. ಭೇದವಿಷ್ಟೆ: ಹುಳುವು ತನ್ನ ಎಳೆಯನ್ನು ತಾನೇ ನೂಲುತ್ತದೆ; ಹಕ್ಕಿಯಾದರೋ ಲೋಕದಲ್ಲಿ ಬಿದ್ದುದನ್ನು ಆಯ್ದುಕೊಳ್ಳುತ್ತದೆ. ಆಯ್ದುಕೊಳ್ಳುವವರಿಗೆ ಬಿಸುಟವರ ಗುಣದೋಷಗಳೆರಡೂ ತಟ್ಟುವುವು.

ಅಮರಸಿಂಹನು ತನ್ನ ಕೋಶದಲ್ಲಿ ಗೂಡಿಗೆ ಕುಲಾಯ, ನೀಡ ಎಂದು ಹೆಸರು ಹೇಳಿ, ಹಕ್ಕಿಯ ಹೆಸರುಗಳ ಸಾಲಿನಲ್ಲಿ ‘ನೀಡೋದ್ಭವ’ ಎಂಬುದನ್ನೂ ಸೇರಿಸಿದ್ದಾನೆ. ಗೂಡಿನಿಂದ ಹುಟ್ಟಿದ್ದು ಎಂದು ಅದರ ಅರ್ಥ. ಹಕ್ಕಿಯು ತಾಯಿಯಿಂದ ಹುಟ್ಟುವಷ್ಟೇ ಗೂಡಿನಿಂದಲೂ ಹುಟ್ಟುತ್ತದೆಯೆಂಬ ಈ ಮಾತು ಕೇವಲ ಅಲಂಕಾರವಲ್ಲ. ಮೊಟ್ಟೆಯ ಚಿಪ್ಪಿನಲ್ಲಿ ಸೂಕ್ಷ್ಮವಾದ ರಂಧ್ರಗಳುಂಟು. ಮೊಟ್ಟೆಯೊಡೆದು ಬಂದ ಮರಿಗೆ ಮೈಮೇಲೆ ಪುಕ್ಕವಿಲ್ಲ. ಗೂಡಿನ ಒಳಮೆತ್ತೆಯಲ್ಲಿ ಏನಿರುವುದೋ ಅದು ನೇರವಾಗಿ ಅದರ ಬತ್ತಲೆ ಚರ್ಮಕ್ಕೆ ತಗಲುತ್ತದೆ.

ನಮ್ಮ ಹಿತ್ತಿಲುಗಳನ್ನೇ ನೋಡಿರಿ. ಸೂರಕ್ಕಿಯು ಜೇಡರ ಬಲೆಯಿಂದ ಹೊರಗೋಡೆಯನ್ನು ಬಿಗಿದು, ಒಳಗೆ ಎಕ್ಕದ ಅರಳೆಯಂಥ ಮೆತ್ತನೆಯದನ್ನು ಹಾಸುತ್ತದೆ. ಸಿಂಪಿಗನು ಎಲೆಯನ್ನು ಹೊಲಿದು ಜೋಳಿಗೆ ಮಾಡಿ, ಅದರೊಳಗೆ ಹತ್ತಿಯನ್ನೂ ಕೂದಲನ್ನೂ ತುಂಬುತ್ತದೆ. ಗುಬ್ಬಚ್ಚಿಗೆ ಹುಲ್ಲು, ಗರಿ, ಕೂದಲು ಯಾವುದಾದರೂ ಆದೀತು. ಚಿಂತಾಮಣಿಯ ಕಡೆಯ ಬಂಡೆಗಳ ನಡುವೆ, ಬಾಲವನ್ನು ಬೆನ್ನ ಮೇಲಕ್ಕೆ ನೆಟ್ಟಗೆತ್ತಿಕೊಂಡು ಕುಣಿಯುವ ಕರಿಯ ಚಿಟ್ಟುಮಡಿವಾಳ ಹಕ್ಕಿಯುಂಟಷ್ಟೆ. ಅದು ಗೂಡಿನೊಳಗೆ ಕೂದಲನ್ನು ಹಾಸಿ, ಹಲವು ವೇಳೆ ಹಾವಿನ ಪೊರೆಯ ಚೂರನ್ನೂ ಸೇರಿಸಿಕೊಳ್ಳುತ್ತದೆ. ಗೌರಿಬಿದನೂರಿನ ಸೀಮೆಯಲ್ಲಿ ಕುರಿಮಂದೆಯು ಜಾಲಿಯ ಮಗ್ಗುಲಲ್ಲಿ ಹಾದುಹೋದರೆ ಮುಳ್ಳಿಗೆ ತುಪ್ಪಟದ ತುಣುಕುಗಳು ಸಿಕ್ಕಿಕೊಳ್ಳುವುವು. ನಾವು ಆ ಭಾಗದ ಶಾಲೆಯಲ್ಲಿದ್ದಾಗ ಹಕ್ಕಿಗಳು ಅದನ್ನು ಕೊಕ್ಕಿನಲ್ಲಿ ಬಿಡಿಸಿಕೊಂಡೊಯ್ಯುವುದನ್ನು ಮಕ್ಕಳಿಗೆ ತೋರಿಸಿದ್ದುಂಟು.

ಬಿದ್ದುದನ್ನು ಆಯುವುದು ಮಾತ್ರವೇ ಅಲ್ಲ, ಜೀವಂತ ಪ್ರಾಣಿಯ ಮೈಯಿಂದಲೇ ಕಿತ್ತೊಯ್ಯುವ ಧೈರ್ಯಶಾಲಿಗಳೂ ಉಂಟು. ಅಮೆರಿಕದಲ್ಲಿ ಟಿಟ್‌ಮೌಸ್ ಎಂಬ ಪುಟ್ಟ ಹಕ್ಕಿಯು ನಾಯಿಯ ಬೆನ್ನಿನಿಂದಲೂ ರಕೂನಿನ ಮೈಯಿಂದಲೂ, ಅಷ್ಟೇಕೆ, ಮನುಷ್ಯನ ತಲೆಯಿಂದಲೂ ಕೂದಲು ಕೀಳುವುದನ್ನು ಕಂಡು, ೨೦೨೧ರಲ್ಲಿ ಅಲ್ಲಿಯ ವಿದ್ವಾಂಸರು ಈ ನಡತೆಗೆ ಗ್ರೀಕ್ ಮಾತಿನಿಂದ ಒಂದು ಹೆಸರನ್ನು ಕಟ್ಟಿದರು. ಸಂಸ್ಕೃತದಲ್ಲಿ ಹೇಳುವುದಾದರೆ ‘ಕೇಶಚೌರ್ಯ’. ಈ ಕಳವಿಗೆ ಕಾರಣವು ಮೆಚ್ಚತಕ್ಕದ್ದೇ ಆಗಿದೆ. ಕೂದಲಿನ ಎಳೆಗಳ ನಡುವೆ ಗಾಳಿಯು ಸಿಕ್ಕಿ ನಿಲ್ಲುವುದರಿಂದ, ತಾಯಿಯು ಆಹಾರಕ್ಕೆ ಹೋದಾಗಲೂ ಮೊಟ್ಟೆಯು ಬೇಗ ತಣ್ಣಗಾಗುವುದಿಲ್ಲ.

ಇದನ್ನು ತಿಳಿದ ದಯಾಳುಗಳಾದ ಗೃಹಸ್ಥರು ಈಚೆಗೆ ಮನೆಯ ನಾಯಿಯನ್ನು ಬಾಚಿ ಬಂದ ಕೂದಲನ್ನು ಗಿಡದ ಕೊಂಬೆಗೆ ಸಿಕ್ಕಿಸಿಡುವುದುಂಟು. ಹಿಂದೆ ನಮ್ಮ ನಾಲ್ಕು ಊರುಗಳಲ್ಲಿ ನಾಯಿಯೆಂದರೆ ಬೀದಿಯದೋ ಹೊಲದ ಕಾವಲಿನದೋ ಆಗಿತ್ತು. ಈಗ ಲ್ಯಾಬ್ರಡಾರ್, ಪಮೇರಿಯನ್ ಮೊದಲಾದ ದಟ್ಟಗೂದಲ ಜಾತಿಗಳು ಬಹಳ ಮನೆಗಳಲ್ಲಿವೆ. ನಮ್ಮ ಮನೆಯಲ್ಲೂ ಒಂದುಂಟು. ಯುಗಾದಿಯ ಹೊತ್ತಿಗೆ ಅದು ಉದುರಿಸುವ ಕೂದಲಿಗೆ ಲೆಕ್ಕವಿಲ್ಲ. ಹೋದ ಬೇಸಗೆಯಲ್ಲಿ ಮೊಮ್ಮಗಳು ಬೊಗಸೆ ತುಂಬ ಕೂದಲನ್ನು ಹಿಡಿದುಕೊಂಡು ಬಂದು, “ತಾತ, ಇದನ್ನು ದಾಸವಾಳದ ಗಿಡಕ್ಕೆ ಸಿಕ್ಕಿಸಲಾ? ಹಕ್ಕಿ ತೊಗೊಂಡು ಹೋಗುತ್ತೆ” ಎಂದಳು. “ತಾಳಮ್ಮ, ನಾಯಿಗೆ ಔಷಧ ಹಾಕಿದ್ದು ಯಾವಾಗ?” ಎಂದು ನಾವು ಕೇಳಿದೆವು. ಅವಳು ಬೆರಳು ಮಡಿಸಿ ಎಣಿಸಿ, “ಹತ್ತು ದಿನ ಆಯ್ತು” ಎಂದಳು.

ನಾವು ಹಾಗೆ ಕೇಳಿದ್ದಕ್ಕೆ ಕಾರಣವಿದೆ. ನಮ್ಮ ನುಡಿಯಲ್ಲಿ ಕುರಿಯ ತುಪ್ಪಟವೂ ಉಣ್ಣೆ, ನಾಯಿಯ ರಕ್ತವನ್ನು ಹೀರುವ ಹುಳುವೂ ಉಣ್ಣೆ. ಈ ಎರಡನೆಯ ಉಣ್ಣೆಯು ನಾಯಿಗೆ ಪ್ರಾಣಾಂತಿಕವಾದ ಜ್ವರಗಳನ್ನು ತರಬಲ್ಲದು, ಅದನ್ನು ಅಲಕ್ಷಿಸುವಂತಿಲ್ಲ. ಅದಕ್ಕಾಗಿ ನಾಯಿಯ ನಾಲಗೆಗೆ ಎಟುಕದಂತೆ ಹೆಗಲುಗಳ ನಡುವೆ ಕೆಲವು ತೊಟ್ಟು ಔಷಧವನ್ನು ಹಾಕುತ್ತಾರೆ. ಫಿಪ್ರೊನಿಲ್, ಇಮಿಡಾಕ್ಲೋಪ್ರಿಡ್ ಎಂಬುವು ಇಂಥ ಔಷಧಗಳಲ್ಲಿರುವ ವಸ್ತುಗಳು. ಇವು ಕ್ರಿಮಿಯ ನರಗಳನ್ನು ಕೆಡಿಸಿ ಕೊಲ್ಲುವುವು. ಫಿಪ್ರೊನಿಲ್ ಚರ್ಮದ ಜಿಡ್ಡಿನಲ್ಲಿ ಬೆರೆತು ಮೈಯೆಲ್ಲ ಹರಡಿ ವಾರಗಟ್ಟಲೆ ನಿಲ್ಲುತ್ತದೆ. ಉದುರಿದ ಕೂದಲಿನೊಡನೆ ಅದೂ ಉದುರುತ್ತದೆ.

ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಟಿಟ್ ಕುಲದ ಎರಡು ಜಾತಿಯ ಹಕ್ಕಿಗಳ ೧೦೩ ಗೂಡುಗಳ ಒಳಮೆತ್ತೆಯನ್ನು ಪರೀಕ್ಷಿಸಿ ೨೦೨೫ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಫಿಪ್ರೊನಿಲ್ ಇಲ್ಲದ ಗೂಡು ಒಂದೂ ಇರಲಿಲ್ಲ. ಕೀಟನಾಶಕಗಳು ಹೆಚ್ಚಾಗಿದ್ದ ಗೂಡುಗಳಲ್ಲಿ ಒಡೆಯದ ಮೊಟ್ಟೆಗಳೂ ಸತ್ತ ಮರಿಗಳೂ ಹೆಚ್ಚಾಗಿದ್ದುವು. ದೂರದೇಶದ ಮಾತೆಂದು ಇದನ್ನು ತಳ್ಳಿಬಿಡಲಾಗದು. ಆ ಟಿಟ್ ಕುಲದ ಹಕ್ಕಿಯು ನಂದಿಬೆಟ್ಟದಲ್ಲೂ ಉಂಟು. ಆ ಔಷಧವು ಚಿಕ್ಕಬಳ್ಳಾಪುರದಲ್ಲೂ ದೊರೆಯುತ್ತದೆ.

ಇದನ್ನು ಬೇರೆ ಸೀಮೆಯವರಿಗೆ ವಿವರಿಸಿ ಹೇಳಬೇಕಾದೀತು. ನಮ್ಮ ಸೀಮೆಯ ರೇಷ್ಮೆಯವರಿಗೆ ಹೇಳಬೇಕಾದುದಿಲ್ಲ. ಪಕ್ಕದ ಟೊಮ್ಯಾಟೊ ಹೊಲಕ್ಕೆ ಹೊಡೆದ ಔಷಧವು ಗಾಳಿಯಲ್ಲಿ ತೇಲಿಬಂದು ಹಿಪ್ಪುನೇರಳೆಯ ಮೇಲೆ ಕುಳಿತರೆ, ಆ ಸೊಪ್ಪನ್ನು ತಿಂದ ಹುಳುಗಳು ತಟ್ಟೆಗಟ್ಟಲೆ ಸಾಯುವುದನ್ನು ಅವರು ಕಂಡಿದ್ದಾರೆ. ಹಿಪ್ಪುನೇರಳೆಯ ತೋಟದ ಬದಿಯಲ್ಲಿ ಹೊಗೆಸೊಪ್ಪು ಬೆಳೆಯಬಾರದೆಂಬುದನ್ನೂ ಬಲ್ಲರು. ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ವಿಷವು ಯಾವ ಬಗೆಯಲ್ಲಿ ನರಗಳನ್ನು ಹಿಡಿಯುವುದೋ, ಇಮಿಡಾಕ್ಲೋಪ್ರಿಡ್ ಹಿಡಿಯುವುದೂ ಅದೇ ಬಗೆಯಲ್ಲಿ. ಹುಳುವಿನ ಮನೆಯಲ್ಲಿ ಸೊಳ್ಳೆಯ ಬತ್ತಿಯನ್ನು ಸಹ ಹಚ್ಚದ ಗೃಹಿಣಿಯು, ವಿಷವು ಕಣ್ಣಿಗೆ ಕಾಣದಿದ್ದರೂ ಇರುವುದೆಂಬ ಪಾಠವನ್ನು ಯಾವ ಶಾಲೆಯಲ್ಲೂ ಕಲಿಯಬೇಕಾಗಿಲ್ಲ. ಒಂದು ಗೂಡಿಗೆ ತೋರುವ ಈ ಎಚ್ಚರವನ್ನು ಇನ್ನೊಂದು ಗೂಡಿಗೂ ತೋರಿದರೆ ಸಾಕು.

ದಾನಕ್ಕೆ ದೇಶ, ಕಾಲ, ಪಾತ್ರಗಳನ್ನು ನೋಡಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕೊಡುವ ದ್ರವ್ಯವೂ ಶುದ್ಧವಾಗಿರಬೇಕೆಂದು ಅಷ್ಟೇ ಒತ್ತಿ ಹೇಳುತ್ತಿದ್ದರು. ಹಕ್ಕಿಯು ಪಾತ್ರವೆಂಬುದರಲ್ಲಿ ಸಂದೇಹವಿಲ್ಲ, ಬೇಸಗೆಯು ಕಾಲವೂ ಹೌದು. ಉಳಿದುದು ದ್ರವ್ಯಶುದ್ಧಿ. ತೊಟ್ಟಿಯ ಬದಿಗೆ ಎಸೆದುದನ್ನೂ ಹಕ್ಕಿಯು ದಾನವೆಂದೇ ಎತ್ತಿಕೊಳ್ಳುವುದರಿಂದ, ಬಿಸುಡುವುದಕ್ಕೂ ಇದೇ ನಿಯಮವು ಸಲ್ಲುತ್ತದೆ.

ಆದುದರಿಂದ ನಾವು ಮನೆಯಲ್ಲಿ ಕೆಲವು ಕಟ್ಟುಪಾಡುಗಳನ್ನು ಮಾಡಿಕೊಂಡಿದ್ದೇವೆ. ಔಷಧ ಹಾಕಿಸುತ್ತಿರುವ ನಾಯಿಯ ಕೂದಲು ಹಿತ್ತಿಲಿಗೆ ಹೋಗತಕ್ಕದ್ದಲ್ಲ. ಬಾಚಿದೊಡನೆ ಕಾಗದದಲ್ಲಿ ಸುತ್ತಿ ಮುಚ್ಚಳವಿರುವ ಬುಟ್ಟಿಗೆ ಹಾಕತಕ್ಕದ್ದು. ಔಷಧವು ಎಷ್ಟು ದಿನಕ್ಕೊಮ್ಮೆ ಬೇಕು, ವರ್ಷವೆಲ್ಲವೂ ಬೇಕೆ ಎಂಬುದನ್ನು ಪಶುವೈದ್ಯರನ್ನು ಕೇಳಿಯೇ ನಿರ್ಧರಿಸತಕ್ಕದ್ದು. ಹಕ್ಕಿಗಾಗಿ ನಾಯಿಯನ್ನು ಉಣ್ಣೆಗೆ ಒಪ್ಪಿಸುವುದು ದಯೆಯಲ್ಲ. ಹೆಂಗಸರ ತಲೆಗೂದಲನ್ನೂ ಹೊಲಿಗೆಯ ದಾರವನ್ನೂ ಹೊರಗೆ ಚೆಲ್ಲತಕ್ಕದ್ದಲ್ಲ. ನೀಳವಾದ ಎಳೆಯು ಮರಿಯ ಕಾಲಿಗೆ ಸುತ್ತಿಕೊಂಡು, ಮರಿ ಬೆಳೆದಂತೆ ಬಿಗಿದು, ಕಾಲನ್ನೇ ಕೆಡಿಸುವುದುಂಟು. ತಲೆಗೂದಲನ್ನು ಸುತ್ತಿಟ್ಟು ಕೂದಲು ಕೊಳ್ಳುವವನಿಗೆ ಕೊಟ್ಟು ಪಾತ್ರೆ ಪಡೆಯುವ ಹಳೆಯ ರೂಢಿಯೇ ಇದಕ್ಕೆ ಲೇಸು.

ಮೊಮ್ಮಗಳ ಬೊಗಸೆಯ ಕೂದಲು ಬುಟ್ಟಿಗೆ ಹೋಯಿತು. ಅವಳ ಮುಖ ಬಾಡಿದುದನ್ನು ಕಂಡು ಅವಳಜ್ಜಿಯು ಹಳೆಯ ದಿಂಬನ್ನು ಬಿಚ್ಚಿ ಒಂದು ಹಿಡಿ ಅರಳೆಯನ್ನೂ, ತೆಂಗಿನಕಾಯಿ ಸುಲಿದ ಸಿಪ್ಪೆಯಿಂದ ಬಿಡಿಸಿದ ಮೋಟು ನಾರನ್ನೂ ಕೊಟ್ಟರು. ಅವೆರಡನ್ನೂ ಅವಳು ದಾಸವಾಳದ ಕವಲಿಗೆ ಸಿಕ್ಕಿಸಿದಳು. ನಾರನ್ನು ಯಾವ ಹಕ್ಕಿಯೂ ಮುಟ್ಟಲಿಲ್ಲ. ಅರಳೆಯು ಮೂರು ದಿನದಲ್ಲಿ ಅರ್ಧವಾಯಿತು.